ಸಂತೆಗೆ ಹೋದ ಕೋಳಿ ಮನೆಗೆ ಮರಳದಿರಲಿ

ಮಲೆನಾಡಿನ ವಾರದ ಸಂತೆಗಳಲ್ಲಿ ಕೋಳಿ ಮಾರುವ ಜಾಗ ಸಾಮಾನ್ಯವಾಗಿ ಒಂದು ಮೂಲೆಯಲ್ಲಿರುತ್ತದೆ. ಸುತ್ತಲಿನ ಹತ್ತಾರು ಹಳ್ಳಿಗಳಿಂದ ಕಾಲು ಕಟ್ಟಿ ತಂದ ನಾಟಿಕೋಳಿಗಳು, ಬಯಲುಸೀಮೆಯ ಫಾರಂಗಳಿಂದ ವಾಹನವೇರಿ ಬಂದ ಬ್ರಾಯ್ಲರ್‌ಗಳು, ಬುಟ್ಟಿಯಲ್ಲಿ ಚಿಲಿಪಿಲಿಗುಟ್ಟುವ ಮರಿಗಳು, ಒಮ್ಮೊಮ್ಮೆ ಒಂದೆರಡು ಬಾತುಕೋಳಿಗಳು ಅಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ. ಕತ್ತರಿಸುವ ಕೊರಡೂ ಪುಕ್ಕದ ರಾಶಿಯೂ ಅಲ್ಲೇ ಪಕ್ಕದಲ್ಲಿ. ಸಂಜೆಯಾದಾಗ ಮಾರಾಟವಾಗದೆ ಉಳಿದ ಕೋಳಿ ಮರಳಿ ಮನೆಯ ಗೂಡನ್ನು ಸೇರುತ್ತದೆ. ಬುಟ್ಟಿ ಅಟ್ಟ ಸೇರುತ್ತದೆ. ಪಂಜರ ಹೊತ್ತ ವಾಹನ ಮಾರನೆಯ ದಿನ ಮತ್ತೊಂದು ಊರಿನ ಸಂತೆಗೆ ಹೊರಡುತ್ತದೆ. ತಲೆಮಾರುಗಳಿಂದ ನಡೆದುಬಂದ ಈ ವ್ಯವಹಾರದಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ಹಕ್ಕಿಜ್ವರದ ವೈರಾಣು ಒಂದು ಊರಿನಿಂದ ಹತ್ತು ಊರಿಗೆ ಹರಡಲು ಇದಕ್ಕಿಂತ ಸುಲಭವಾದ ದಾರಿ ಮತ್ತೊಂದಿಲ್ಲ.

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕೋಳಿ ತಿನ್ನುವುದನ್ನೇ ಬಿಡಬೇಕೆಂಬ ಗಾಬರಿ ಒಂದು ಕಡೆ. ಇದೆಲ್ಲ ಪಟ್ಟಣದ ರೋಗ, ಕಾಡಂಚಿನ ಊರಿಗೆ ಬಾರದೆಂಬ ಉದಾಸೀನ ಇನ್ನೊಂದು ಕಡೆ. ವಾರವೆರಡು ಕಳೆದರೆ ಗಾಬರಿಯೂ ಇಲ್ಲ, ಚರ್ಚೆಯೂ ಇಲ್ಲ. ಸಂತೆ ಮಾತ್ರ ಹಿಂದಿನಂತೆಯೇ ನಡೆಯುತ್ತಿರುತ್ತದೆ. ರೋಗ ಬಂದ ಮೇಲೆ ಕೊಲ್ಲುವುದಕ್ಕೆ ಸರ್ಕಾರದಲ್ಲಿ ವಿಸ್ತಾರವಾದ ಯೋಜನೆಯಿದೆ. ಬಾರದಂತೆ ಸಂತೆಯನ್ನು ಇರಿಸಿಕೊಳ್ಳುವ ಸರಳ ಕೆಲಸದ ಕಡೆ ಗಮನವಿಲ್ಲ.

ಇಂದು ಲೋಕವನ್ನು ಕಾಡುತ್ತಿರುವ ಎಚ್5ಎನ್1 ವೈರಾಣುವಿನ ವಂಶವನ್ನು ಮೊದಲು ಗುರುತಿಸಿದ್ದು 1996ರಲ್ಲಿ, ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ. ಕೋಳಿಗಳಿಗೆ ಇದು ತಗುಲಿದರೆ ಒಂದೆರಡು ದಿನಗಳಲ್ಲಿಯೇ ಗೂಡು ಬರಿದಾಗಬಹುದು. ಜುಟ್ಟು ಮತ್ತು ಗದ್ದದ ಜೋಲು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಮೊಟ್ಟೆ ಇಡುವುದು ಹಠಾತ್ತನೆ ನಿಲ್ಲುವುದು, ಏನೂ ಲಕ್ಷಣ ತೋರದೆ ಸಾಲುಸಾಲಾಗಿ ಸಾಯುವುದು ಇದರ ಗುರುತುಗಳು. ಹಳ್ಳಿಯವರು ಬಲ್ಲ ಕೊಕ್ಕರೆ ರೋಗವೂ ಹೆಚ್ಚುಕಡಿಮೆ ಹೀಗೆಯೇ ಕೊಲ್ಲುವುದರಿಂದ ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸಲು ಬಾರದು, ಪ್ರಯೋಗಾಲಯವೇ ಹೇಳಬೇಕು. ಬಾತುಕೋಳಿಗಳಾದರೋ ಎಷ್ಟೋ ವೇಳೆ ರೋಗದ ಸುಳಿವೇ ಕೊಡದೆ ವೈರಾಣುವನ್ನು ಹೊತ್ತು ತಿರುಗುತ್ತವೆ. ಎಂಜಲು, ಸಿಂಬಳ, ಹಿಕ್ಕೆಗಳ ಮೂಲಕ ಅದು ಹೊರಬೀಳುತ್ತದೆ.

ಮನುಷ್ಯರಿಗೆ ಇದು ಅಪರೂಪಕ್ಕೆ ತಗುಲುತ್ತದೆ, ತಗುಲಿದಾಗ ಉಗ್ರವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2003ರಿಂದ 2025ರ ಮಧ್ಯಭಾಗದವರೆಗೆ ಜಗತ್ತಿನಲ್ಲಿ ಎಚ್5ಎನ್1 ತಗುಲಿದವರು ಸುಮಾರು 990 ಮಂದಿ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಭಾರತದಲ್ಲಿ 2021ರ ಜುಲೈನಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಆಸ್ಪತ್ರೆಯಲ್ಲಿ ಸತ್ತ. 2025ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗುವೊಂದು ಸತ್ತಿತು. ಆ ಮಗು ಹಸಿ ಕೋಳಿಮಾಂಸದ ತುಣುಕನ್ನು ಬಾಯಿಗೆ ಹಾಕಿಕೊಂಡಿತ್ತೆಂದು ವರದಿಯಾಯಿತು. ಮನುಷ್ಯನಿಂದ ಮನುಷ್ಯನಿಗೆ ಈ ವೈರಾಣು ಸಲೀಸಾಗಿ ಹರಡುವುದನ್ನು ಇನ್ನೂ ಕಲಿತಿಲ್ಲ. ಅದು ಕಲಿಯದಿರಬೇಕಾದರೆ ಹಕ್ಕಿಗಳೂ ಮನುಷ್ಯರೂ ಒತ್ತೊತ್ತಾಗಿ ಸೇರುವ ತಾಣಗಳಲ್ಲಿ ಅದಕ್ಕೆ ಅವಕಾಶ ಸಿಗಬಾರದು. ಚೆನ್ನಾಗಿ ಬೇಯಿಸಿದ ಮಾಂಸ ಮತ್ತು ಮೊಟ್ಟೆಯಿಂದ ಭಯವಿಲ್ಲ. ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಕಾವು ತಲುಪಿದರೆ ವೈರಾಣು ಉಳಿಯದು. ಅಪಾಯವಿರುವುದು ಜೀವಂತ ಹಕ್ಕಿಯನ್ನು ಹಿಡಿಯುವಲ್ಲಿ, ಕೊಯ್ಯುವಲ್ಲಿ, ತರಿಯುವಲ್ಲಿ.

ಜೀವಂತ ಕೋಳಿಯ ಮಾರುಕಟ್ಟೆ ಏನು ಮಾಡಬಲ್ಲದೆಂಬುದನ್ನು ಲೋಕಕ್ಕೆ ಮೊದಲು ತೋರಿಸಿದ್ದು ಹಾಂಗ್‌ಕಾಂಗ್. 1997ರ ಮೇ ತಿಂಗಳಿನಲ್ಲಿ ಅಲ್ಲಿ ಮೂರು ವರ್ಷದ ಮಗುವೊಂದು ಸತ್ತಿತು. ವರ್ಷದ ಕೊನೆಯ ವೇಳೆಗೆ ರೋಗ ತಗುಲಿದವರ ಸಂಖ್ಯೆ 18ಕ್ಕೆ ಏರಿ, ಅವರಲ್ಲಿ 6 ಮಂದಿ ಅಸುನೀಗಿದರು. ರೋಗ ಬಂದವರನ್ನೂ ಬಾರದವರನ್ನೂ ಹೋಲಿಸಿ ನೋಡಿದಾಗ, ಕಾಯಿಲೆ ಬೀಳುವ ಹಿಂದಿನ ವಾರ ಜೀವಂತ ಕೋಳಿಯ ಮಾರುಕಟ್ಟೆಗೆ ಹೋಗಿಬಂದದ್ದೇ ಮುಖ್ಯ ವ್ಯತ್ಯಾಸವಾಗಿ ಎದ್ದು ಕಂಡಿತು. ಡಿಸೆಂಬರ್ ಕೊನೆಯಲ್ಲಿ ಕೆಲವೇ ದಿನಗಳೊಳಗೆ ಹದಿಮೂರು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಲಾಯಿತು. ಆ ಬಾರಿಯ ಮಾನವ ಸೋಂಕು ಅಲ್ಲಿಗೆ ನಿಂತಿತು.

ಅದರ ನಂತರದ ಕಥೆಯೇ ಮಲೆನಾಡಿನ ಪಂಚಾಯಿತಿಗಳು ಓದಬೇಕಾದದ್ದು. ಹಾಂಗ್‌ಕಾಂಗ್ ಆಡಳಿತ ಮಾರುಕಟ್ಟೆಯನ್ನು ಒಂದೇಟಿಗೆ ಇಲ್ಲವಾಗಿಸಲಿಲ್ಲ. ಹಂತಹಂತವಾಗಿ ಅದರ ನಡವಳಿಕೆಯನ್ನು ತಿದ್ದಿತು. ಮೊದಲಿಗೆ ಬಾತು ಮತ್ತು ಹೆಬ್ಬಾತುಗಳನ್ನು ಕೋಳಿಗಳಿಂದ ಬೇರ್ಪಡಿಸಿ ಪ್ರತ್ಯೇಕ ಕಸಾಯಿಖಾನೆಗೆ ಕಳುಹಿಸಿತು. 2001ರಲ್ಲಿ ವೈರಾಣು ಮರಳಿ ಕಾಣಿಸಿಕೊಂಡಾಗ ತಿಂಗಳಿಗೊಂದು ದಿನ ಎಲ್ಲ ಅಂಗಡಿಗಳೂ ಕೋಳಿ ಖಾಲಿ ಮಾಡಿ, ತೊಳೆದು, ವಿರಾಮ ಕೊಡಬೇಕೆಂಬ ನಿಯಮ ಬಂತು. 2003ರಲ್ಲಿ ಅದು ತಿಂಗಳಿಗೆ ಎರಡು ದಿನವಾಯಿತು. 2002ರಿಂದ ಗೌಜಲಹಕ್ಕಿಗಳನ್ನು ಕೋಳಿಯ ಜೊತೆ ಮಾರುವುದು ನಿಂತಿತು. 2008ರಲ್ಲಿ ಜೀವಂತ ಕೋಳಿಯನ್ನು ಅಂಗಡಿಯಲ್ಲಿ ರಾತ್ರಿ ಉಳಿಸಿಕೊಳ್ಳುವುದನ್ನೇ ನಿಷೇಧಿಸಲಾಯಿತು. ಒಂದೊಂದು ಕ್ರಮದ ಫಲವನ್ನೂ ಸಂಶೋಧಕರು ಅಳೆದು ನೋಡಿದರು. ಮಾರುಕಟ್ಟೆಗಳಲ್ಲಿ ಸದಾ ಇರುತ್ತಿದ್ದ, ಮಂದ ಸ್ವರೂಪದ ಎಚ್9ಎನ್2 ವೈರಾಣುವಿನ ಪ್ರಮಾಣ ವಿರಾಮದ ದಿನಗಳಿಂದ ತಗ್ಗಿತು. ರಾತ್ರಿ ಉಳಿಸಿಕೊಳ್ಳುವುದು ನಿಂತ ಮೇಲೆ ಮತ್ತಷ್ಟು ಇಳಿಯಿತು.

ಇದರ ಹಿಂದಿನ ತತ್ವ ಒಲೆ ಉರಿಸಿ ಬಲ್ಲ ಯಾರಿಗಾದರೂ ಅರ್ಥವಾಗುವಂಥದು. ಸೋಂಕು ತಗುಲಿದ ಕೋಳಿ ಕೆಲವು ದಿನಗಳಲ್ಲಿ ಸಾಯುತ್ತದೆ ಅಥವಾ ಮಾರಾಟವಾಗುತ್ತದೆ. ಅಷ್ಟರೊಳಗೆ ಸೋಂಕಿಲ್ಲದ ಹೊಸ ಕೋಳಿ ಅದೇ ಪಂಜರಕ್ಕೆ ಬಂದು ಸೇರಿದರೆ ಕೆಂಡಕ್ಕೆ ಹೊಸ ಸೌದೆ ಸಿಕ್ಕಂತೆ. ದಿನವೂ ಹೊಸ ಕೋಳಿ ಬರುತ್ತಾ, ಹಳೆಯ ಕೋಳಿ ಒಂದಿಷ್ಟು ಉಳಿಯುತ್ತಾ ಇರುವ ಮಾರುಕಟ್ಟೆ ಎಂದೂ ಆರದ ಒಲೆ. ಒಂದು ರಾತ್ರಿ ಪೂರ್ತಿ ಖಾಲಿಯಾಗಿ, ತೊಳೆದು ಒಣಗಿದರೆ ಕೆಂಡ ಆರುತ್ತದೆ. ಇದಕ್ಕೆ ದುಬಾರಿ ಯಂತ್ರವಾಗಲಿ ಔಷಧವಾಗಲಿ ಬೇಕಿಲ್ಲ. ನೀರು, ಪೊರಕೆ, ಬಿಸಿಲು ಮತ್ತು ಶಿಸ್ತು ಬೇಕು.

2013ರಲ್ಲಿ ಚೀನಾ ಇದೇ ಪಾಠವನ್ನು ಇನ್ನಷ್ಟು ಕಠಿಣವಾಗಿ ಕಲಿಯಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಎಚ್7ಎನ್9 ಎಂಬ ಬೇರೊಂದು ವೈರಾಣು ಮನುಷ್ಯರಲ್ಲಿ ಪತ್ತೆಯಾಯಿತು. ಕೋಳಿಗಳಲ್ಲಿ ಅದು ಆಗ ಯಾವ ಲಕ್ಷಣವನ್ನೂ ತೋರುತ್ತಿರಲಿಲ್ಲ. ಆರೋಗ್ಯವಾಗಿ ಕಾಣುವ ಕೋಳಿಯನ್ನೇ ಕೊಂಡವರು ಆಸ್ಪತ್ರೆ ಸೇರಿದರು. ಶಾಂಘೈ, ಹಾಂಗ್‌ಝೌ, ಹುಝೌ, ನಾನ್‌ಜಿಂಗ್ ನಗರಗಳಲ್ಲಿ ಜೀವಂತ ಕೋಳಿಯ ಮಾರುಕಟ್ಟೆಗಳನ್ನು ಏಪ್ರಿಲ್‌ನಲ್ಲಿ ಮುಚ್ಚಿದ ಕೂಡಲೇ ದಿನನಿತ್ಯದ ಹೊಸ ಸೋಂಕು ಶೇಕಡಾ 97ಕ್ಕಿಂತ ಹೆಚ್ಚು ಇಳಿಯಿತೆಂದು ಆನಂತರದ ಅಧ್ಯಯನ ಲೆಕ್ಕಹಾಕಿತು. ಆದರೆ ಮುಚ್ಚಿದ ಪೇಟೆಗೆ ಬರಬೇಕಿದ್ದ ಕೋಳಿಗಳು ಮುಚ್ಚದ ಊರುಗಳ ಕಡೆಗೆ ಸಾಗಿ ಸೋಂಕು ಅಲ್ಲಿಗೂ ಹರಡಿತೆಂಬುದನ್ನು ಮತ್ತೊಂದು ಅಧ್ಯಯನ ತೋರಿಸಿತು. 2017ರಲ್ಲಿ ಕೋಳಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕುವವರೆಗೆ ಐದು ಚಳಿಗಾಲಗಳಲ್ಲಿ 1,500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮಾರುಕಟ್ಟೆ ರೋಗದ ಗಂಟೆಂಬುದು ಒಂದು ಪಾಠ; ಒಂದು ಗಂಟನ್ನು ಕತ್ತರಿಸಿದರೆ ದಾರ ಬೇರೆ ಕಡೆ ಗಂಟು ಹಾಕಿಕೊಳ್ಳುತ್ತದೆಂಬುದು ಎರಡನೆಯದು.

ಭಾರತದಲ್ಲಿ ಹಕ್ಕಿಜ್ವರ ಮೊದಲು ದೃಢಪಟ್ಟದ್ದು 2006ರ ಫೆಬ್ರುವರಿ 18ರಂದು, ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ನವಾಪುರದ ಫಾರಂಗಳಲ್ಲಿ. 2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ತಲೆಯೆತ್ತಿದ ರೋಗ ಆ ರಾಜ್ಯದ ಬಹುಪಾಲು ಜಿಲ್ಲೆಗಳಿಗೆ ವ್ಯಾಪಿಸಿ, ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಬಡವರ ಹಿತ್ತಲಿನ ಕೋಳಿಗಳು. ಕೊಲ್ಲುವ ತಂಡ ಬರುತ್ತದೆಂಬ ಸುದ್ದಿ ತಿಳಿದು ಜನ ಕೋಳಿಗಳನ್ನು ಬಚ್ಚಿಟ್ಟರು, ಸಿಕ್ಕ ಬೆಲೆಗೆ ಮಾರಿದರು. ಮಾರಿದ ಕೋಳಿಯ ಜೊತೆ ರೋಗವೂ ಸಾಗುತ್ತದೆ. ಬಡವನ ಅನುಮಾನಕ್ಕೆ ಉತ್ತರ ಕೊಡದ ನಿಯಂತ್ರಣ ಯೋಜನೆ ರೋಗಕ್ಕೇ ವಾಹನ ಒದಗಿಸಿತು.

ಕರ್ನಾಟಕವೂ ಇದರಿಂದ ಹೊರತಾಗಿಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿಯೇ ರೋಗ ಕಾಣಿಸಿಕೊಂಡಿತು. 2017ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ, 2025ರ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಅದು ಮರಳಿ ಬಂತು. ನೆರೆಯ ಕೇರಳದ ಆಲಪ್ಪುಳ ಮತ್ತು ಕೋಟ್ಟಯಂ ಜಿಲ್ಲೆಗಳ ಬಾತುಕೋಳಿ ಹಿಂಡುಗಳಿಗೆ 2014ರಿಂದೀಚೆಗೆ ಅದು ಮತ್ತೆ ಮತ್ತೆ ತಗುಲುತ್ತಿದೆ. ಈ ಊರುಗಳ ಹೆಸರುಗಳಲ್ಲಿ ಮಲೆನಾಡಿನ ತಾಲ್ಲೂಕು ಕಾಣದಿರುವುದು ನೆಮ್ಮದಿಯ ವಿಷಯ. ಆದರೆ ದಾವಣಗೆರೆ, ಮೈಸೂರುಗಳಿಂದ ಘಟ್ಟದ ಕಡೆಗೆ ಪ್ರತಿದಿನ ಕೋಳಿ, ಮೊಟ್ಟೆ, ಮರಿ, ಗೊಬ್ಬರಗಳ ವಾಹನಗಳು ಏರಿ ಬರುತ್ತಿರುವಾಗ ಆ ನೆಮ್ಮದಿಗೆ ಆಧಾರ ಸಾಲದು.

ಇಲ್ಲಿ ಪರಿಸರಪ್ರಿಯರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯಿದೆ. ರೋಗ ಎಲ್ಲಿ ಕಾಣಿಸಿಕೊಂಡರೂ ಮೊದಲ ಬೆರಳು ತೋರುವುದು ವಲಸೆ ಹಕ್ಕಿಗಳ ಕಡೆಗೆ. ಕಾಡುಹಕ್ಕಿಗಳು ವೈರಾಣುವನ್ನು ದೂರಕ್ಕೆ ಒಯ್ಯುತ್ತವೆಂಬುದು ನಿಜ; ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಷ್ಟು ಮಾರಕವಾದ ಈ ತಳಿ ರೂಪುಗೊಂಡದ್ದು ಒತ್ತೊತ್ತಾಗಿ ಸಾಕಿದ ಹಕ್ಕಿಗಳ ನಡುವೆ. ಅಲ್ಲಿಂದ ಅದು ಕಾಡುಹಕ್ಕಿಗಳಿಗೆ ತಗುಲಿತು. 2020ರ ಡಿಸೆಂಬರ್‌ನಿಂದ ಹಿಮಾಚಲ ಪ್ರದೇಶದ ಪೋಂಗ್ ಅಣೆಕಟ್ಟಿನ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬಂದಿಳಿಯುವುದೂ ಅದೇ ಜಾತಿಯ ಹಕ್ಕಿ; ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. 2024ರ ಡಿಸೆಂಬರ್ ಕೊನೆಯಲ್ಲಿ ನಾಗಪುರದ ಗೋರೆವಾಡ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳು ಮತ್ತು ಒಂದು ಚಿರತೆ ಎಚ್5ಎನ್1ನಿಂದ ಸತ್ತವು. ಮನುಷ್ಯ ಪಂಜರದಲ್ಲಿ ಬೆಳೆಸಿದ ರೋಗಕ್ಕೆ ಕಾಡು ಬೆಲೆ ತೆರುತ್ತಿದೆ. ಕೆರೆಯ ಹಕ್ಕಿಯನ್ನು ಓಡಿಸುವುದರಿಂದಾಗಲಿ, ಗೂಡಿರುವ ಮರ ಕಡಿಯುವುದರಿಂದಾಗಲಿ ರೋಗ ನಿಲ್ಲದು. ಬೆದರಿದ ಹಕ್ಕಿ ಮತ್ತಷ್ಟು ದೂರ ಹಾರಿ ಅದನ್ನು ಹರಡುತ್ತದೆ. ಕಾಡುಹಕ್ಕಿಯ ದಾರಿಯನ್ನು ಯಾವ ಪಂಚಾಯಿತಿಯೂ ನಿಯಂತ್ರಿಸಲಾರದು. ಸಂತೆಯನ್ನು ನಿಯಂತ್ರಿಸಬಲ್ಲದು.

ಮಲೆನಾಡಿಗೆ ತನ್ನದೇ ಆದ ಕೆಲವು ದುರ್ಬಲ ಜಾಗಗಳಿವೆ. ಮೊದಲನೆಯದು ಹವೆ. ಹಿಕ್ಕೆಯಲ್ಲಿ ಈ ವೈರಾಣು 37 ಡಿಗ್ರಿ ಕಾವಿನಲ್ಲಿ ಸುಮಾರು 6 ದಿನ ಬದುಕಿದರೆ, 4 ಡಿಗ್ರಿ ತಂಪಿನಲ್ಲಿ 35 ದಿನಗಳವರೆಗೂ ಬದುಕಬಲ್ಲದೆಂದು ಪರೀಕ್ಷೆಗಳು ತೋರಿಸಿವೆ. ಘಟ್ಟದಲ್ಲಿ ಅಂಥ ಚಳಿ ಇಲ್ಲವಾದರೂ ಮಳೆಗಾಲದ ತಂಪು, ತೇವ ಮತ್ತು ನೆರಳು ಬಯಲಿನ ಬಿಸಿಲಿಗಿಂತ ವೈರಾಣುವಿಗೆ ಹಿತವಾದವು. ಬಿಸಿಲೇ ಕಾಣದ ಆಷಾಢದಲ್ಲಿ ಸಂತೆಮಾಳದ ಕೆಸರು ತಾನಾಗಿ ಶುದ್ಧವಾಗುತ್ತದೆಂದು ನಂಬುವಂತಿಲ್ಲ.

ಎರಡನೆಯದು ಕೋಳಿಗೊಬ್ಬರ. ಅಡಿಕೆ, ಕಾಫಿ, ಶುಂಠಿ ಬೆಳೆಗಳಿಗಾಗಿ ಬಯಲಿನ ಫಾರಂಗಳ ಹಸಿ ಗೊಬ್ಬರ ಲಾರಿಗಟ್ಟಲೆ ಘಟ್ಟವೇರುತ್ತದೆ, ದಾರಿಯುದ್ದಕ್ಕೂ ಸೋರುತ್ತದೆ, ತೋಟದ ಅಂಚಿನಲ್ಲಿ ಸುರಿದು ಬಿಟ್ಟ ರಾಶಿಯನ್ನು ಮನೆಯ ಕೋಳಿಗಳೇ ಕೆದಕುತ್ತವೆ. ರೋಗ ಬಿದ್ದ ಫಾರಂನ ಗೊಬ್ಬರ ಅದರಲ್ಲಿ ಸೇರಿಲ್ಲವೆಂದು ಹೇಳುವವರು ಯಾರು? ರಾಶಿ ಹಾಕಿ, ಮುಚ್ಚಿ, ಕೆಲವು ವಾರ ತನ್ನ ಕಾವಿನಲ್ಲಿಯೇ ಕಳಿಯಲು ಬಿಟ್ಟ ಗೊಬ್ಬರ ಸುರಕ್ಷಿತ. ಹಸಿ ಗೊಬ್ಬರ ಅಗ್ಗವೆನಿಸಿದರೂ ಅದರ ಬೆಲೆಯನ್ನು ಹಿತ್ತಲಿನ ಗೂಡು ತೆರಬೇಕಾದೀತು.

ಮೂರನೆಯದು ಊರೂರು ಸುತ್ತುವ ಸಾಮಗ್ರಿ. ಮೊಟ್ಟೆಯ ಟ್ರೇ, ಮರಿ ತರುವ ಬುಟ್ಟಿ, ಬೈಕಿಗೆ ಕಟ್ಟಿದ ಪಂಜರ, ವ್ಯಾಪಾರಿಯ ಚಪ್ಪಲಿ, ವಾಹನದ ಗಾಲಿ ಇವೆಲ್ಲ ಕೋಳಿಯಷ್ಟೇ ಚೆನ್ನಾಗಿ ಹಿಕ್ಕೆಯನ್ನು ಸಾಗಿಸುತ್ತವೆ. ಜೂಜಿನ ಕೋಳಿ ಅಂಕ ಕಾನೂನುಬಾಹಿರ. ಅದು ಹಲವು ಊರಿನ ಹುಂಜಗಳನ್ನು ರಕ್ತ ಎಂಜಲುಗಳ ಸಮೇತ ಬೆರೆಸಿ, ಗೆದ್ದದ್ದನ್ನು ಮನೆಗೆ ಕಳುಹಿಸುವ ಕೂಟವೂ ಹೌದೆಂಬುದನ್ನು ಮರೆಯಬಾರದು.

ಹಾಗಾದರೆ ಸಂತೆಯ ಕೋಳಿ ಮಾರಾಟವನ್ನೇ ನಿಲ್ಲಿಸಿಬಿಡಬಹುದಲ್ಲ ಎಂಬ ಪ್ರಶ್ನೆ ಸಹಜ. ರೋಗ ದೃಢಪಟ್ಟ ಪ್ರದೇಶದಲ್ಲಿ ಕೆಲಕಾಲ ನಿಲ್ಲಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂದೆಂದಿಗೂ ನಿಲ್ಲಿಸಿದರೆ ಯಾರಿಗೆ ನಷ್ಟ, ಯಾರಿಗೆ ಲಾಭ ಎಂದು ಕೇಳಬೇಕು. ಗುಡ್ಡಗಾಡಿನ ಮನೆಗಳಲ್ಲಿ ನಾಟಿಕೋಳಿ ಹೆಂಗಸರ ಕೈಯ ಹಣ. ಮಗುವಿನ ಪುಸ್ತಕಕ್ಕೆ, ಆಸ್ಪತ್ರೆಯ ಬಸ್ ಚಾರ್ಜಿಗೆ, ಹಬ್ಬದ ಸೀರೆಗೆ ಯಾರ ಮುಂದೆಯೂ ಕೈಯೊಡ್ಡದೆ ಒದಗುವ ಹಣ ಅದು. ಸಂತೆ ಮುಚ್ಚಿದರೆ ಆ ಕೋಳಿಗೆ ಬೆಲೆ ಕಟ್ಟುವವನು ಮನೆಬಾಗಿಲಿಗೆ ಬರುವ ದಲ್ಲಾಳಿಯೊಬ್ಬನೇ. ವ್ಯಾಪಾರ ನಿಲ್ಲುವುದಿಲ್ಲ, ಕಣ್ಮರೆಯಾಗುತ್ತದೆ. ಕಣ್ಮರೆಯಾದ ವ್ಯಾಪಾರವನ್ನು ಯಾವ ಪಶುವೈದ್ಯನೂ ಪರೀಕ್ಷಿಸಲಾರ. ಸ್ಥಳೀಯ ತಳಿಗಳು ಅಳಿದು, ಒಂದೇ ಅಚ್ಚಿನ ಫಾರಂ ಕೋಳಿಯೇ ಎಲ್ಲ ಕಡೆ ತುಂಬಿಕೊಂಡರೆ ಪರಿಸರಕ್ಕೂ ಅದು ಸೋಲು. ಹಿತ್ತಲಿನ ಕೋಳಿ ಉಳಿಯಬೇಕಾದರೆ ಸಂತೆ ಬದಲಾಗಬೇಕು.

ಬದಲಾವಣೆಯ ಮೊದಲ ಸೂತ್ರ ಒಂದೇ: ಸಂತೆಗೆ ಹೋದ ಕೋಳಿ ಮನೆಗೆ ಮರಳಬಾರದು. ಮಾರಾಟವಾಗದೆ ಉಳಿದದ್ದನ್ನು ಅಲ್ಲಿಯೇ ಕೊಯ್ದು ಮಾಂಸವಾಗಿ ಮಾರುವ ಏರ್ಪಾಡು ಇರಬೇಕು. ಅದು ಆಗದಿದ್ದಲ್ಲಿ, ಮರಳಿ ತಂದ ಕೋಳಿಯನ್ನೂ ಸಾಕಲೆಂದು ಹೊಸದಾಗಿ ಕೊಂಡು ತಂದದ್ದನ್ನೂ ಮನೆಯ ಉಳಿದ ಕೋಳಿಗಳಿಂದ ಕನಿಷ್ಠ ಎರಡು ವಾರ ದೂರವಿಟ್ಟು, ಮೇವು ನೀರು ಬೇರೆಯಾಗಿ ಕೊಡಬೇಕು. ಮನೆಯ ಕೋಳಿಗಳನ್ನು ಮೊದಲು ನೋಡಿಕೊಂಡು, ಆಮೇಲೆ ಇದರ ಕಡೆ ಹೋಗಿ, ಕೈಕಾಲು ಸೋಪಿನಿಂದ ತೊಳೆಯಬೇಕು. ಸಾಕಲು ಒಯ್ಯುವ ಮರಿಗಳನ್ನು ಮಾಂಸಕ್ಕೆ ಮಾರುವ ಕೋಳಿಗಳ ಪಕ್ಕದಲ್ಲಿ ಇಡಲೇಬಾರದು. ಬಾತುಕೋಳಿಗೂ ಬೇರೆ ಜಾಗವೇ ಬೇಕು.

ಎರಡನೆಯದು ತೊಳೆಯುವ ಕ್ರಮ. ಹಿಕ್ಕೆ ಅಂಟಿದ ನೆಲದ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದರೆ ಮನಸ್ಸಿಗೆ ಸಮಾಧಾನ, ವೈರಾಣುವಿಗೆ ತೊಂದರೆಯಿಲ್ಲ. ಕೊಳೆಯೇ ಪುಡಿಯ ಶಕ್ತಿಯನ್ನು ಹೀರಿಬಿಡುತ್ತದೆ. ಮೊದಲು ಹಿಕ್ಕೆ, ಪುಕ್ಕಗಳನ್ನು ಗುಡಿಸಿ ಗುಂಡಿಗೆ ಹಾಕಬೇಕು. ಆಮೇಲೆ ಸೋಪಿನ ನೀರಿನಿಂದ ಉಜ್ಜಿ ತೊಳೆಯಬೇಕು. ಅನಂತರವೇ ಸೋಂಕುನಿವಾರಕ ಹಾಕಿ ಒಣಗಲು ಬಿಡಬೇಕು. ಬಿದಿರಿನ ಬುಟ್ಟಿಯ ಸಂದುಗಳನ್ನು ತೊಳೆಯುವುದು ಕಷ್ಟ; ಪದೇ ಪದೇ ಸಂತೆಗೆ ಹೋಗುವ ವ್ಯಾಪಾರಿಗೆ ತೊಳೆಯಬಲ್ಲ ಪ್ಲಾಸ್ಟಿಕ್ ಕ್ರೇಟ್ ಲೇಸು. ಪರಿಸರದ ಪತ್ರಿಕೆ ಪ್ಲಾಸ್ಟಿಕ್ಕಿನ ಪರವಾಗಿ ಮಾತಾಡುವುದು ವಿಚಿತ್ರವೆನಿಸಬಹುದು. ಹತ್ತು ವರ್ಷ ಬಾಳುವ ಕ್ರೇಟಿಗೂ ಒಂದು ಗಳಿಗೆಯ ಕೈಚೀಲಕ್ಕೂ ವ್ಯತ್ಯಾಸವಿದೆ. ಕೋಳಿ ತ್ಯಾಜ್ಯವನ್ನು ಹಳ್ಳಕ್ಕೋ ಕಾಡಂಚಿಗೋ ಎಸೆಯುವ ಅಭ್ಯಾಸ ಇಂದೇ ನಿಲ್ಲಬೇಕು. ನಾಯಿ, ನರಿ, ಹದ್ದು, ಕಾಗೆಗಳು ಅದನ್ನು ಎಳೆದೊಯ್ದರೆ ಸಂತೆಯ ಸೋಂಕು ಕಾಡಿಗೆ ದಾಟುತ್ತದೆ.

ಇದನ್ನು ಮಾಡಿಸುವ ಅಧಿಕಾರ ದೂರದ ರಾಜಧಾನಿಯಲ್ಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಹಳ್ಳಿಯ ಸಂತೆ, ಮಾರುಕಟ್ಟೆ ಮತ್ತು ನೈರ್ಮಲ್ಯದ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆ. ಸಂತೆಯ ಸುಂಕ ವಸೂಲಿಯನ್ನು ಹರಾಜು ಹಾಕುವಾಗ ಕರಾರುಪತ್ರದಲ್ಲಿ ನಾಲ್ಕು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ: ಕೋಳಿಗೆ ಪ್ರತ್ಯೇಕ ಜಾಗ, ಅಲ್ಲಿಗೊಂದು ನಲ್ಲಿ, ತ್ಯಾಜ್ಯದ ಗುಂಡಿ, ಸಂತೆ ಮುಗಿದ ಸಂಜೆ ತೊಳೆಯುವ ಹೊಣೆ. ಪ್ರತಿ ಕೋಳಿಯ ಬುಟ್ಟಿಗೂ ಸುಂಕ ವಸೂಲಿಯಾಗುತ್ತದೆ. ಆ ಹಣದಲ್ಲಿ ಒಂದು ಕೊಡ ನೀರೂ ಕೋಳಿಯ ಮೂಲೆಗೆ ಬಾರದಿದ್ದರೆ ಗ್ರಾಮಸಭೆಯಲ್ಲಿ ಕೇಳಬೇಕಾದವರು ಗ್ರಾಮಸ್ಥರೇ. ವಾರಕ್ಕೊಮ್ಮೆ ಸೇರುವ ಸಂತೆಗೆ ಆರು ದಿನದ ವಿರಾಮ ತಾನಾಗಿಯೇ ಒದಗಿದೆ. ದೊಡ್ಡ ನಗರಗಳು ಕಷ್ಟಪಟ್ಟು ಗಳಿಸಿದ ಅನುಕೂಲ ಇದು. ಮಾಳವನ್ನು ಅಂದೇ ತೊಳೆದು ಬಿಟ್ಟರೆ ಆ ವಿರಾಮಕ್ಕೆ ಫಲವುಂಟು. ದಿನವೂ ತೆರೆದಿರುವ ಪೇಟೆಯ ಕೋಳಿ ಅಂಗಡಿಗಳಿಗೆ ವಾರದಲ್ಲಿ ಒಂದು ದಿನ ಖಾಲಿ ಪಂಜರದ ನಿಯಮವನ್ನು ಪಟ್ಟಣ ಪಂಚಾಯಿತಿಗಳು ತರಬೇಕು.

ಮೂರನೆಯದು ತಿಳಿಸುವ ಧೈರ್ಯ. ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣದ 2009ರ ಕಾಯ್ದೆಯಂತೆ, ಇಂಥ ರೋಗದ ಅನುಮಾನ ಬಂದರೆ ತಿಳಿಸುವುದು ಸಾಕಿದವರ ಕರ್ತವ್ಯ. ತಿಳಿಸಿದ ಮೇಲೆ ಏನಾಗುತ್ತದೆಂಬ ಭಯವೇ ಜನರ ಬಾಯಿ ಕಟ್ಟಿಹಾಕುತ್ತದೆ. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೋಗ ದೃಢಪಟ್ಟರೆ ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯನ್ನು ಸೋಂಕಿನ ವಲಯವಾಗಿಯೂ 10 ಕಿಲೋಮೀಟರ್‌ವರೆಗಿನ ಪ್ರದೇಶವನ್ನು ನಿಗಾ ವಲಯವಾಗಿಯೂ ಘೋಷಿಸುತ್ತಾರೆ. ಸೋಂಕಿನ ವಲಯದ ಸಾಕುಹಕ್ಕಿಗಳನ್ನು ಕೊಲ್ಲುತ್ತಾರೆ. ಕೊಂದ ಹಕ್ಕಿಗಳಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮಪಾಲಿನಲ್ಲಿ ಪರಿಹಾರ ಕೊಡುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಪರಿಹಾರ ದೊರೆಯುವುದು ಕೊಂದ ಹಕ್ಕಿಗೆ; ಅದಕ್ಕೂ ಮುನ್ನ ರೋಗದಿಂದ ಸತ್ತದ್ದಕ್ಕಲ್ಲ. ಬೇಗ ತಿಳಿಸಿದವರಿಗೆ ನಷ್ಟ ಕಡಿಮೆ, ಮುಚ್ಚಿಟ್ಟವರಿಗೆ ಪೂರ್ತಿ ನಷ್ಟ. ಈ ಸರಳ ಲೆಕ್ಕವನ್ನು ಇಲಾಖೆ ರೋಗ ಬರುವ ಮೊದಲೇ ಮನೆಮನೆಗೆ ತಿಳಿಸಬೇಕು. ಕೊಲ್ಲುವ ತಂಡದ ಜೊತೆಯಲ್ಲಿಯೇ ಪರಿಹಾರದ ಪಟ್ಟಿಯೂ ಬರಬೇಕು. ನಾಟಿಕೋಳಿಗೆ ಅದರ ನಿಜವಾದ ಬೆಲೆ ಸಿಗಬೇಕು. ಹಣ ತಿಂಗಳುಗಟ್ಟಲೆ ಕಚೇರಿ ಅಲೆಸದೆ ಕೋಳಿ ಸಾಕಿದ ಹೆಂಗಸಿನ ಖಾತೆಗೇ ಬರಬೇಕು. ಬಂಗಾಳದಲ್ಲಿ 2008ರಲ್ಲಿ ಕಂಡದ್ದು ಮಲೆನಾಡಿನಲ್ಲಿ ಮರುಕಳಿಸಬಾರದೆಂದರೆ ಬೇರೆ ದಾರಿಯಿಲ್ಲ.

ತಿಳಿಸುವ ವಿಷಯದಲ್ಲಿ ಮಲೆನಾಡಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದೇ ಮಂಗನ ಕಾಯಿಲೆಯ ಮೊದಲ ಎಚ್ಚರಿಕೆಯಾಗಿತ್ತು. ಅಂದಿನಿಂದ ಕಾಡಂಚಿನ ಜನ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದನ್ನು ರೂಢಿಸಿಕೊಂಡಿದ್ದಾರೆ. ಅದೇ ಎಚ್ಚರ ಕೋಳಿಗೂ ಕೆರೆಯ ಹಕ್ಕಿಗೂ ಸಲ್ಲಬೇಕು. ಒಂದೇ ಮನೆಯಲ್ಲಿ ಎರಡು ಮೂರು ಕೋಳಿ ಒಟ್ಟಿಗೆ ಸತ್ತರೆ, ಕೆರೆಯ ದಂಡೆಯಲ್ಲಿ ಹಲವು ಹಕ್ಕಿ ಬಿದ್ದಿದ್ದರೆ, ಕಾಗೆಗಳು ಕಾರಣವಿಲ್ಲದೆ ಉದುರಿದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯಾಧಿಕಾರಿಗೆ ಹೇಳಬೇಕು. ಸತ್ತ ಕೋಳಿಯನ್ನು ಸಾರಿಗೆ ಹಾಕುವುದೂ, ಸಾಯುವ ಮುನ್ನ ಮಾರಿ ಕೈತೊಳೆದುಕೊಳ್ಳುವುದೂ ಆಗಬಾರದು. ರೋಗದ ಕೋಳಿಯನ್ನು ಮಾರುವವನು ನೆರೆಯವನ ಗೂಡಿಗೆ ಕೊಳ್ಳಿ ಇಟ್ಟಂತೆ.

ವಿದ್ಯಾರ್ಥಿಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಒಂದು ಶಾಲೆಯ ಮಕ್ಕಳು ತಮ್ಮೂರ ಸಂತೆಗೆ ಕೋಳಿ ಯಾವ ಯಾವ ಊರಿನಿಂದ ಬರುತ್ತದೆ, ಎಷ್ಟು ಉಳಿದು ಮರಳುತ್ತದೆ, ವ್ಯಾಪಾರಿಯ ವಾಹನ ಮಾರನೆಯ ದಿನ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರೆ ಒಂದು ನಕ್ಷೆಯೇ ಸಿದ್ಧವಾಗುತ್ತದೆ. ರೋಗ ಎಲ್ಲಿಂದ ಬರಬಹುದು, ಎಲ್ಲಿಗೆ ಹೋಗಬಹುದೆಂಬುದು ಆ ನಕ್ಷೆಯಲ್ಲಿ ಕಾಣುತ್ತದೆ. ಕೋಳಿಗಳನ್ನು ಮುಟ್ಟದೆ, ದೂರ ನಿಂತು, ದೊಡ್ಡವರ ಜೊತೆಯಲ್ಲಿ ಮಾಡಬೇಕಾದ ಈ ಕೆಲಸದ ಫಲವನ್ನು ಗ್ರಾಮಸಭೆಯ ಮುಂದಿಟ್ಟರೆ ಯಾವ ಅಧ್ಯಕ್ಷರೂ ಅಲ್ಲಗಳೆಯಲಾರರು.

ಹಕ್ಕಿಜ್ವರ ಮಲೆನಾಡಿಗೆ ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಬಂದ ದಿನ ಸಂತೆ ತೊಳೆಯುವುದರಿಂದ ಪ್ರಯೋಜನ ಸ್ವಲ್ಪ. ಆ ದಿನ ಉಳಿಯುವ ಕೆಲಸ ಗುಂಡಿ ತೋಡುವುದೊಂದೇ. ನಲ್ಲಿಯೊಂದನ್ನು ಹಾಕಿಸುವುದಕ್ಕೆ, ಗುಂಡಿಯೊಂದನ್ನು ತೆಗೆಸುವುದಕ್ಕೆ, ಹರಾಜಿನ ಕರಾರಿಗೆ ನಾಲ್ಕು ಸಾಲು ಸೇರಿಸುವುದಕ್ಕೆ ಬರುವ ಗ್ರಾಮಸಭೆಯೇ ಸಾಕು. ಪ್ರತಿ ಊರಿನ ಸ್ತ್ರೀಶಕ್ತಿ ಸಂಘಗಳೂ ಯುವಕ ಸಂಘಗಳೂ ಶಾಲೆಗಳೂ ಆ ಸಭೆಯ ಕಾರ್ಯಸೂಚಿಯಲ್ಲಿ ಕೋಳಿಸಂತೆಯ ವಿಷಯವನ್ನು ಲಿಖಿತವಾಗಿ ಸೇರಿಸಿ, ನಿರ್ಣಯ ದಾಖಲಾಗುವವರೆಗೆ ಕದಲದಿರಲಿ.